ಮೈಕು ಮೇಷ್ಟ್ರ ಮೆಲುದನಿ

"ಪರವಾಗಿಲ್ಲ ಮರಿ, ನಿಧಾನವಾಗಿ ಹೇಳು" ಎಂದು ಗಣಿತದ ಮೇಷ್ಟ್ರು ಬಚ್ಚಲುಮನೆಯ ಕನ್ನಡಿಗೆ ಹೇಳಿದ. ಕನ್ನಡಿಯಲ್ಲಿದ್ದವನ ಅರ್ಧ ಮುಖದಲ್ಲಿ ಸೋಪಿನ ನೊರೆ, ಉಳಿದರ್ಧದಲ್ಲಿ ಮುಗುಳ್ನಗೆ. ಎರಡೂ ಅವನವಾಗಿ ಕಾಣಲಿಲ್ಲ. ದನಿಯನ್ನು ಇನ್ನೂ ಸ್ವಲ್ಪ ಇಳಿಸಿ, ತರಬೇತಿಯಲ್ಲಿ ತೋರಿಸಿಕೊಟ್ಟಂತೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, "ನಿನಗೇನು ಅನ್ನಿಸ್ತಿದೆ ಮರಿ?" ಎಂದ. ಬಸ್ಸಿನಲ್ಲಿ ಪಕ್ಕದವರ ಜೇಬಿಗೆ ಕೈ ಹಾಕುವ ಮುಂಚೆ ಕಳ್ಳ ಹೀಗೇ ನಗುತ್ತಾನೇನೋ. ಹೊರಗಿನಿಂದ ಹೆಂಡತಿ ಬಾಗಿಲು ಬಡಿದಳು. "ಒಳಗೆ ಯಾರ್ರೀ ಇದಾರೆ?" "ಯಾರೂ ಇಲ್ಲ ಕಣೇ" ಎಂದು ಅವನು ಅದೇ ದನಿಯಲ್ಲಿ ಹೇಳಿಬಿಟ್ಟ, ಬದಲಿಸಲು ಮರೆತಿದ್ದ. ಬಾಗಿಲಾಚೆಯಿಂದ ಹೆಂಡತಿ ರೇಗಿದಳು. "ನೋಡಿ, ಈ ದನೀಲಿ ನನ್ನ ಹತ್ರ ಮಾತಾಡಬೇಡಿ. ಏನೋ ಮಾಡಬಾರದ್ದು ಮಾಡ್ಕೊಂಡು ಬಂದೋರ ಹಾಗಿರುತ್ತೆ. ಅತಿ ವಿನಯಂ ಧೂರ್ತ ಲಕ್ಷಣಂ!" ಮದುವೆಯಾದಂದಿನಿಂದ ಆ ಗಾದೆಯನ್ನು ಗಂಡನ ಮೇಲೆ ಪ್ರಯೋಗಿಸುವ ಅವಕಾಶ ಅವಳಿಗೆ ಸಿಕ್ಕಿದ್ದು ಇದೇ ಮೊದಲು, ಬಿಟ್ಟಾಳೆಯೇ. ಅವನು ಮುಖ ತೊಳೆದುಕೊಂಡ. ಗಲ್ಲದಲ್ಲಿ ಬ್ಲೇಡು ತಾಗಿ ಗಾಯವಾಗಿತ್ತು.

ಅವನ ನಿಜವಾದ ದನಿ ಅಪ್ಪನಿಂದ ಬಂದದ್ದು. ಅಪ್ಪ ಹಿಟ್ಟಿನ ಗಿರಣಿಯಲ್ಲಿ ದುಡಿದು ಕಿವಿ ಮಂದವಾದವನು. ಗಿರಣಿ ನಿಂತ ಮೇಲೂ ಅದು ಅವನ ತಲೆಯೊಳಗೆ ತಿರುಗುತ್ತಲೇ ಇರುತ್ತಿತ್ತು, ಹಾಗಾಗಿ ಉಪ್ಪು ಕೊಡು ಎಂಬುದನ್ನೂ ಮನೆಗೆ ಬೆಂಕಿ ಬಿದ್ದಿದೆ ಎಂಬಂತೆ ಕೂಗುತ್ತಿದ್ದ. ಮಗ ಪಾಸಾದನೆಂದು ಹೆಂಡತಿಯ ಕಿವಿಯಲ್ಲಿ ಗುಟ್ಟಾಗಿ ಹೇಳಿದ ದಿನ ಇಡೀ ಬೀದಿ ಬಂದು ಶಹಭಾಸ್ ಎಂದಿತ್ತು. ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಶಾಲೆಯ ಗೇಟಿನಲ್ಲಿ ನಿಂತು ಆ ಮನುಷ್ಯ ಹೆಸರು ಹಿಡಿದು ಕೂಗಿದರೆ ಹುಡುಗ ಭೂಮಿ ಬಾಯಿಬಿಡಬಾರದೇ ಎಂದುಕೊಳ್ಳುತ್ತಿದ್ದ. ಆಮೇಲೆ ಅದೇ ಗಂಟಲು ಹೊಟ್ಟೆಪಾಡಾಯಿತು. ಏಳನೇ ಕ್ಲಾಸಿಗೆ ಭಿನ್ನರಾಶಿ ಹೇಳಿಕೊಟ್ಟರೆ ಗೋಡೆಯಾಚೆಯ ಐದನೇ ಕ್ಲಾಸಿನವರಿಗೂ ಬಂದುಬಿಡುತ್ತಿತ್ತು. ಮಕ್ಕಳು ಮೈಕು ಮೇಷ್ಟ್ರು ಎಂದು ಹೆಸರಿಟ್ಟರು. ಕೋಪ ಮೂಗಿನ ತುದಿಯಲ್ಲೇ. ಕತ್ತೆ, ಕೋಣ, ಕೊರಡು ಎಂದು ಒಬ್ಬೊಬ್ಬರನ್ನೂ ಬೈದು, ಬೈದ ಮರುಕ್ಷಣ ಮರೆತು, ಅದೇ ಕೊರಡಿನ ಹತ್ತಿರ ಪೆನ್ನು ಕೇಳಿ ಇಸಿದುಕೊಳ್ಳುತ್ತಿದ್ದ. ಕೈ ಮಾತ್ರ ಯಾರ ಮೇಲೂ ಎತ್ತಿದವನಲ್ಲ. ಅದಕ್ಕೆ ಒಳ್ಳೆಯತನ ಕಾರಣವೋ ಸೋಮಾರಿತನವೋ ಎಂದು ಅವನು ಯೋಚಿಸಲು ಹೋಗಿರಲಿಲ್ಲ.

ಯೋಚಿಸುವ ಹಾಗೆ ಮಾಡಿದ್ದು ಆ ತರಬೇತಿ. ಎಳವೆಯಲ್ಲಿ ಪೆಟ್ಟು ತಿಂದ ಮಕ್ಕಳನ್ನು ತರಗತಿಯಲ್ಲಿ ನೋಡಿಕೊಳ್ಳುವುದು ಹೇಗೆ ಎಂಬ ವಿಷಯ. ಹೋಗಲು ಯಾರೂ ಒಪ್ಪದೆ, ಅಂದು ರಜೆ ಹಾಕಿದ್ದ ತಪ್ಪಿಗೆ ಇವನ ಹೆಸರು ಹೋಗಿತ್ತು. ಮೊದಲು ಟೀ, ಬಿಸ್ಕತ್ತು, ಅಕ್ಕಪಕ್ಕದವರ ವರ್ಗಾವಣೆಯ ಗೋಳು. ಆಮೇಲೆ ಕುರ್ಚಿಗಳನ್ನು ದುಂಡಗೆ ಹಾಕಿಸಿ, ನಿಮ್ಮ ಬಾಲ್ಯದಲ್ಲಿ ನಿಮ್ಮನ್ನು ನೋಯಿಸಿದವರು ಯಾರು, ಹೇಳಿಕೊಳ್ಳಿ, ಇಲ್ಲಿ ಎಲ್ಲರೂ ನಿಮ್ಮವರೇ ಎಂದಳು ತರಬೇತುದಾರಳು. ಒಬ್ಬರಿಗೆ ಚಿಕ್ಕಪ್ಪ, ಒಬ್ಬರಿಗೆ ಮಲತಾಯಿ, ಒಬ್ಬರಿಗೆ ಹಾಸ್ಟೆಲ್ಲಿನ ವಾರ್ಡನ್ನು. ಯಾರದೂ ನಾಟಕವಾಗಿರಲಿಲ್ಲ. ಸರದಿ ಹತ್ತಿರ ಬಂದಂತೆ ಇವನು ನೆನಪನ್ನೆಲ್ಲ ತಡಕಿದ, ಹೇಳಿಕೊಳ್ಳಲು ಅಂಥವರು ಯಾರೂ ಇರಲಿಲ್ಲ. ಹೋಂವರ್ಕ್ ಮಾಡದೆ ಬಂದ ಹುಡುಗನ ಹಾಗೆ ತಡವರಿಸಿ, ಕೊನೆಗೆ "ನಮ್ಮಪ್ಪ" ಎಂದುಬಿಟ್ಟ. "ಯಾವಾಗಲೂ ಕೂಗೋನು." ಎಲ್ಲರೂ ತಲೆಯಾಡಿಸಿದರು. ತರಬೇತುದಾರಳು ಬಂದು ಹೆಗಲ ಮೇಲೆ ಕೈಯಿಟ್ಟಳು. ಆ ಕೈ ಬಿದ್ದದ್ದೇ ತಡ, ಇವನಿಗೆ ಅಳು ಬಂತು, ಗಂಟಲಿಗೆ ತಕ್ಕ ಅಳು. ಪಕ್ಕದ ಹಾಲಿನಿಂದ ಯಾರೋ ಬಂದು ಇಣುಕಿ ಹೋದರು. ಅದು ನೋವಿನ ಅಳು ಎಂದು ಅವರು ತಿಳಿದರು. ಸತ್ತುಹೋದ, ತಿರುಗಿ ಮಾತಾಡಲಾರದ ಅಪ್ಪನನ್ನು ಬರೀ ಸರದಿ ತುಂಬಿಸುವುದಕ್ಕೆ ಹಿಡಿದುಕೊಟ್ಟೆನಲ್ಲ ಎಂಬ ನಾಚಿಕೆಗೆ ಬಂದ ಅಳು ಅದು ಎಂದು ಯಾರಿಗೆ ಹೇಳುವುದು? ಊಟದ ಹೊತ್ತಿನಲ್ಲಿ ಅಪರಿಚಿತರು ಕೈ ಕುಲುಕಿ, ನೀವು ತುಂಬಾ ಧೈರ್ಯವಂತರು ಎಂದರು. ಅವನು ಸಿಹಿಯನ್ನು ಎರಡನೇ ಸಲ ಬಡಿಸಿಕೊಂಡ.

ಮಧ್ಯಾಹ್ನದ ಪಾಠ ಇನ್ನೂ ಕೆಟ್ಟದಾಗಿತ್ತು. ಹೆದರಿದ ಮಗು ಒಂದೋ ಓಡುತ್ತದೆ, ಇಲ್ಲ ಕಲ್ಲಾಗುತ್ತದೆ ಎಂದಳು ಅವಳು, ಕಲ್ಲಾಗುವ ಮಗುವನ್ನು ನಾವು ಒಳ್ಳೆಯ ಮಗು ಅಂದುಕೊಳ್ಳುತ್ತೇವೆ. ಕುಂಬಳಕಾಯಿ ಕಳ್ಳನ ಹಾಗೆ ಅವನು ಹೆಗಲು ಮುಟ್ಟಿ ನೋಡಿಕೊಂಡ. ಏಳನೇ ಕ್ಲಾಸಿನ ಆ ಹುಡುಗಿ ನೆನಪಾಗಿದ್ದಳು. ಸ್ಟಾಫ್ ರೂಮು ಅವಳನ್ನು ಎಕ್ಸ್‌ಪ್ರೆಸ್ ಎಂದು ಕರೆಯುತ್ತಿತ್ತು. ಇಂಗ್ಲಿಷ್ ಮೇಡಂ ಪದ್ಯ ಓದುತ್ತಿರುವಾಗ, ಡ್ರಾಯಿಂಗ್ ಸರ್ ಹತ್ತಿರ ಬಂದು ಬಣ್ಣ ಚೆನ್ನಾಗಿದೆ ಎನ್ನುವಾಗ, ಕಾರಣವೇ ಇಲ್ಲದೆ ಎದ್ದು ಬಾಗಿಲು ದಾಟಿ ಓಡಿಬಿಡುತ್ತಿದ್ದಳು. ಅಪ್ಪ ಜೈಲಿನಲ್ಲಿ, ಅಮ್ಮ ಇಲ್ಲ. ಆ ಎರಡರ ನಡುವೆ ನಡೆದದ್ದೇನೆಂದು, ಪಾಠವೊಂದನ್ನು ಬಿಟ್ಟು ಉಳಿದೆಲ್ಲವೂ ಗೊತ್ತಿರುವ ಸ್ಟಾಫ್ ರೂಮಿಗೂ ಪೂರ್ತಿ ಗೊತ್ತಿರಲಿಲ್ಲ. ನೋಡಿಕೊಳ್ಳುವವಳು ಅಜ್ಜಿ, ಶಾಲೆಯ ಗೇಟಿನ ಪಕ್ಕದಲ್ಲೇ ಇಸ್ತ್ರಿ ಗಾಡಿ ಇಟ್ಟುಕೊಂಡವಳು. ಗಣಿತದ ಪೀರಿಯಡ್ಡಿನಲ್ಲಿ ಮಾತ್ರ ಹುಡುಗಿ ಒಂದು ಸಲವೂ ಎದ್ದಿರಲಿಲ್ಲ. "ನಿಮ್ಮ ಕ್ಲಾಸಲ್ಲಿ ಓಡೋಕೂ ಧೈರ್ಯ ಬೇಕಲ್ಲ ಸರ್" ಎಂದು ಎಲ್ಲರೂ ನಗುತ್ತಿದ್ದರು, ಅವನೂ ಹೆಮ್ಮೆಯಿಂದ ನಗುತ್ತಿದ್ದ. ಹಾಗಾದರೆ ಅವಳು ಕಲ್ಲಾಗಿದ್ದಳು. ತಾನು ದಿನಾ ಒಂದು ಪೀರಿಯಡ್ ಆ ಮಗುವನ್ನು ಕಲ್ಲು ಮಾಡುತ್ತಿದ್ದ. ತರಬೇತಿಯಿಂದ ಬಸ್ಸಿನಲ್ಲಿ ವಾಪಸು ಬರುವಾಗ ಕಂಡಕ್ಟರನ ಹತ್ತಿರ ಚಿಲ್ಲರೆಯನ್ನೂ ಪಿಸುಮಾತಿನಲ್ಲಿ ಕೇಳಿದ.

ಆವತ್ತಿನಿಂದ ಮೈಕು ಕೆಟ್ಟಿತು. ಮಕ್ಕಳಿಗೆ ಮೊದಲು ನಗು ಬಂತು, ಆಮೇಲೆ ಮೇಷ್ಟ್ರಿಗೆ ಗಂಟಲಿನ ಕಾಯಿಲೆ ಎಂಬ ಸುದ್ದಿ ಹಬ್ಬಿತು, ಒಬ್ಬ ಬಿಸಿನೀರು ತಂದುಕೊಟ್ಟ. ಹೆಡ್ ಮೇಡಂ ತರಬೇತಿಯ ವರದಿ ಕೇಳಿ ಉತ್ಸಾಹಗೊಂಡು ಪ್ರತಿ ಕ್ಲಾಸಿನಲ್ಲೂ ಒಂದು ಶಾಂತಿ ಮೂಲೆ ಮಾಡಿಸಿದರು: ನೆಲಕ್ಕೆ ಚಾಪೆ, ಮೇಲೊಂದು ಹೂವಿನ ದಿಂಬು, ಮನಸ್ಸಿಗೆ ಕಷ್ಟವಾದ ಮಗು ಹೋಗಿ ಕೂರಬಹುದು. ಕ್ಲಾಸಿನಲ್ಲಿ ಖಾಲಿ ಇದ್ದದ್ದು ಒಂದೇ ಮೂಲೆ, ಬೀರುವಿನ ಹಿಂದಿನದು, ತಲೆಮಾರುಗಳಿಂದ ಶಿಕ್ಷೆಗೆ ನಿಲ್ಲಿಸುತ್ತಿದ್ದ ಮೂಲೆ. "ದಿಂಬಿನ ಮೇಲೇ ಮೊಣಕಾಲು ಊರಬೇಕಾ ಸರ್?" ಎಂದು ಕೇಳಿದ ಹುಡುಗ ತಮಾಷೆ ಮಾಡುತ್ತಿರಲಿಲ್ಲ. ಇಷ್ಟೆಲ್ಲ ಆದ ಮೇಲೆ, ಕಳೆದ ವಾರ, ಮೇಷ್ಟ್ರು ಹುಡುಗಿಯ ಬೆಂಚಿನ ಪಕ್ಕ ಬಗ್ಗಿ, ಮೆತ್ತಗೆ, "ಅರ್ಥ ಆಯ್ತಾ ಮರಿ?" ಎಂದು ಕೇಳಿದ. ಕಲ್ಲು ಎದ್ದು ಓಡಿತು. ಗೇಟು ದಾಟಿ ನೇರ ದೊಡ್ಡ ರಸ್ತೆಗೆ. ಲಾರಿಯವನು ಬ್ರೇಕ್ ಒತ್ತಿದ ಸದ್ದು ಕ್ಲಾಸಿನವರೆಗೂ ಕೇಳಿಸಿತು, ಆ ಸದ್ದು ಮುಗಿದು ಜನ ಬೈಯುವ ಸದ್ದು ಶುರುವಾಗುವ ತನಕದ ಸಮಯವನ್ನು ಅವನು ಇವತ್ತಿಗೂ ಪೂರ್ತಿ ದಾಟಿರಲಿಲ್ಲ. ಹುಡುಗಿಗೆ ಏನೂ ಆಗಲಿಲ್ಲ. ಹೆಡ್ ಮೇಡಂ ಕೆಟ್ಟವರಲ್ಲ, ಹೆದರಿದರು. ಊರಾಚೆ ಅಂಥ ಮಕ್ಕಳ ಹಾಸ್ಟೆಲ್ ಶಾಲೆ ಇದೆ, ಸುತ್ತ ಎತ್ತರದ ಗೋಡೆ ಇದೆ, ಅಲ್ಲಿಗೆ ಕಳಿಸೋಣ ಎಂದರು. ಇವನು ಕೈಮುಗಿದು ಒಂದು ಅವಕಾಶ ಕೇಳಿದ. ಸರಿ, ನಾನೇ ನಿಮ್ಮ ಕ್ಲಾಸಿನಲ್ಲಿ ಕೂತು ನೋಡುತ್ತೇನೆ, ಅವತ್ತೂ ಓಡಿದರೆ ಮುಗಿಯಿತು ಎಂದಿದ್ದರು. ಆ ದಿನ ಇವತ್ತು.

ಗೇಟಿನ ಹತ್ತಿರ ಅಜ್ಜಿ ಯಾರದೋ ಪ್ಯಾಂಟಿನ ಮಡಿಕೆ ಒತ್ತುತ್ತಿದ್ದಳು. ಇವನನ್ನು ಕಂಡು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು. "ಮೇಷ್ಟ್ರೇ, ಅವಳನ್ನ ಕಳಿಸಿಬಿಡ್ತೀರಂತೆ." ಇವನು ಮೆಲುದನಿಯಲ್ಲಿ, ಹಾಗೇನಿಲ್ಲಮ್ಮ, ನೋಡೋಣ, ಎಲ್ಲಾ ಒಳ್ಳೇದಾಗುತ್ತೆ ಎಂದ. ಅಜ್ಜಿ ಅವನ ಮುಖವನ್ನೇ ನೋಡಿದಳು. "ನೀವು ಹಿಂಗೆ ನುಣ್ಣಗೆ ಮಾತಾಡಿದ್ರೆ ಕಳಿಸೋದು ಗ್ಯಾರಂಟಿ ಅಂತ ಆಯ್ತು. ರಾತ್ರಿ ನನ್ನ ಸೆರಗು ಹಿಡ್ಕೊಂಡೇ ಮಲಗ್ತಾಳೆ ಮೇಷ್ಟ್ರೇ. ಅಲ್ಲಿ ಯಾರ ಸೆರಗು ಹಿಡ್ಕೋತಾಳೆ?" ಅವನು ಗೇಟು ದಾಟಿದ. ಹಿಂದಿನಿಂದ ಪ್ಯಾಂಟಿನ ಮೇಲೆ ನೀರು ಚಿಮುಕಿಸುವ ಸದ್ದು ಬಂತು.

ಕ್ಲಾಸಿನ ಹಿಂದೆ ಹೆಡ್ ಮೇಡಂ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಿಸಲಾಗದೆ ಓರೆಯಾಗಿ ಕೂತಿದ್ದರು. ಹುಡುಗಿ ಎಂದಿನಂತೆ ಬಾಗಿಲ ಪಕ್ಕ. ಇವನು ಬೋರ್ಡಿನ ಮೇಲೆ ಮುಕ್ಕಾಲು ಬರೆದು, ಅರ್ಧ ಬರೆದು, ಇವೆರಡನ್ನೂ ಕೂಡಿಸೋಣವೇ ಮಕ್ಕಳೇ ಎಂದು ಬೇಡಿಕೊಳ್ಳುವವನ ಹಾಗೆ ಕೇಳಿದ. ಕೂಡಿಸಲು ಯಾರಿಗೂ ಮನಸ್ಸಿದ್ದಂತಿರಲಿಲ್ಲ. ಅಂಗಿಯ ಬೆನ್ನು ಒದ್ದೆಯಾಗಿತ್ತು. ಇಷ್ಟು ವರ್ಷ ಬೋರ್ಡಿಗೆ ಮುಖ ಮಾಡಿ ಕೂಗಿದವನು ಒಂದು ದಿನವೂ ಮಕ್ಕಳ ಕಾಲು ನೋಡಿರಲಿಲ್ಲ, ಈಗ ಹುಡುಗಿಯ ಮುಖ ನೋಡಲು ಹೆದರಿ ಅವಳ ಕಾಲು ನೋಡಿದ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂತಿದ್ದಳು. ಅವನು ಹೆಜ್ಜೆಯಿಟ್ಟು ಹತ್ತಿರ ಹೋಗಿ, "ನೀನು ಹೇಳ್ತೀಯಾ ಮರಿ? ತಪ್ಪಾದ್ರೂ ಪರವಾಗಿಲ್ಲ" ಎಂದ. ಹುಡುಗಿಯ ಹೆಬ್ಬೆರಳು ನೆಲದಲ್ಲಿ ಚಪ್ಪಲಿಯನ್ನು ಹುಡುಕಿತು. ಒಂದು ಕಾಲು ಒಳಗೆ ಹೋಯಿತು. ಎರಡನೆಯದೂ ಹೋಯಿತು. ಅಯ್ಯೋ, ಮುಗಿಯಿತು ಎಂದುಕೊಂಡ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಫೋನು, ಮದುವೆ ವಾದ್ಯದ ಸಂಗೀತದೊಡನೆ, ಗಂಟಲು ಹರಿದುಕೊಂಡು ಬಡಿದುಕೊಳ್ಳತೊಡಗಿತು. ಇಷ್ಟು ದಿನ ಅದುಮಿಟ್ಟಿದ್ದೆಲ್ಲ ಒಮ್ಮೆಗೇ ನುಗ್ಗಿ ಬಂತು. "ಯಾವ ಕತ್ತೇದದು ಫೋನು! ಇದೇನು ಕ್ಲಾಸೋ ಸಂತೆಯೋ? ಏಳು ಮೇಲೆ! ಆಚೆ ನಡಿ!"

ಹೆಡ್ ಮೇಡಂ ಎದ್ದು ನಿಂತರು. ಕೈಯಲ್ಲಿ ಫೋನು ಇನ್ನೂ ವಾದ್ಯ ಊದುತ್ತಿತ್ತು. ಮುಂದಿನ ಬೆಂಚಿನ ಸಣ್ಣ ಹುಡುಗನೊಬ್ಬ ಎರಡೂ ಕಿವಿಗೆ ಕೈ ಅಮುಕಿಕೊಂಡು ಕಣ್ಣು ಮುಚ್ಚಿದ್ದ, ಇವನು ಕೂಗಿದಾಗಲೆಲ್ಲ ಅವನು ಹೀಗೇ ಮಾಡುತ್ತಿದ್ದನೋ ಏನೋ, ಯಾರು ನೋಡಿದ್ದರು. ಆದರೆ ಮೇಷ್ಟ್ರ ಕಣ್ಣು ಬಾಗಿಲ ಪಕ್ಕಕ್ಕೆ ಹೋಗಿತ್ತು. ಹುಡುಗಿಯ ಭುಜ ಇಳಿದಿತ್ತು. ಕಾಲುಗಳು ಚಪ್ಪಲಿಯಿಂದ ಒಂದೊಂದಾಗಿ ಹೊರಬಂದು ಒಂದರ ಮೇಲೊಂದು ಹಾಯಾಗಿ ಕೂತವು. ಅವಳು ಪುಸ್ತಕ ತೆರೆದು, ಯಾರೂ ಮತ್ತೆ ಕೇಳದಿದ್ದರೂ, "ಒಂದೂಕಾಲು" ಎಂದಳು. ಉತ್ತರ ಸರಿಯಾಗಿತ್ತು. ಹೆಡ್ ಮೇಡಂ ಫೋನು ನಿಲ್ಲಿಸಿ ಹೊರಟರು, ಬಾಗಿಲಲ್ಲಿ ತಿರುಗಿ, ಜೇನಿನಂಥ ದನಿಯಲ್ಲಿ, "ಪೀರಿಯಡ್ ಮುಗಿದ ಮೇಲೆ ಬನ್ನಿ ಸರ್. ಅವಳನ್ನೂ ಕರ್ಕೊಂಡು ಬನ್ನಿ" ಎಂದರು. ಕತ್ತೆಯ ವಿಷಯ ಎತ್ತಲೇ ಇಲ್ಲ.

ಪೀರಿಯಡ್ ಮುಗಿದ ಮೇಲೆ ನೀರಿನ ನಲ್ಲಿಯ ಹತ್ತಿರ ಹುಡುಗಿ ಬಾಟಲಿ ತುಂಬಿಸುತ್ತಿದ್ದಳು. ಯಾವ ದನಿಯಲ್ಲಿ ಕೇಳುವುದೆಂದು ತಿಳಿಯದೆ ಅವನು ನಲ್ಲಿಯನ್ನು ಬೈದ. "ದರಿದ್ರದ್ದು, ಸರಿಯಾಗಿ ಬರೋದೇ ಇಲ್ಲ! ಅಲ್ಲ ಕಣೇ, ನಾನು ಅಷ್ಟು ಜೋರಾಗಿ ಕೂಗಿದೆನಲ್ಲ, ನಿನಗೆ ಭಯ ಆಗಲಿಲ್ವಾ?" ಅವಳು ಬಾಟಲಿಯ ಮುಚ್ಚಳ ಬಿಗಿ ಮಾಡಿದಳು, ಸಡಿಲ ಮಾಡಿದಳು. "ನೀವು ಕೂಗಿದ್ರೆ ಕೂಗಿದ್ದಷ್ಟೇ ಸರ್. ಆಮೇಲೆ ಏನೂ ಇರಲ್ಲ." "ಮತ್ತೆ ಮೆಲ್ಲಗೆ ಮಾತಾಡಿದ್ರೆ?" ಅವಳು ನೀರಿನ ಕಡೆ ನೋಡುತ್ತ ಹೇಳಿದಳು. "ಅಪ್ಪ ಕೂಗ್ತಾನೇ ಇರಲಿಲ್ಲ. ಬಾ ಮರಿ, ಏನಾಯ್ತು ಮರಿ, ಅಂತಿದ್ರು. ಬಾಗಿಲು ಹಾಕಿದ್ಮೇಲೂ ಹಾಗೇ ಅಂತಿದ್ರು. ಪಕ್ಕದ ಮನೆಯವರು ಎಷ್ಟು ಒಳ್ಳೆಯವರು ಅಂತಿದ್ರು." ಆಮೇಲೆ ಸ್ವಲ್ಪ ತಡೆದು, "ಅಜ್ಜಿ ಹೇಳ್ತಾರೆ, ಗಣಿತದ ಮೇಷ್ಟ್ರಿಗೆ ಹೆದರಬೇಡ, ಬೊಗಳೋ ನಾಯಿ..." ಎಂದವಳು ನಾಲಿಗೆ ಕಚ್ಚಿಕೊಂಡಳು. ಅವನಿಗೆ ನಗು ಬರಬೇಕಿತ್ತು. ತನ್ನ ಮುಖದ ಬಗ್ಗೆಯೇ ಹೇಸಿಗೆಯಾಯಿತು, ಬೆಳಿಗ್ಗೆ ಕನ್ನಡಿಯೆದುರು ಅಷ್ಟು ಕಷ್ಟಪಟ್ಟು ಕಲಿತ ಆ ನಗು, ಆ ವಾಲಿದ ತಲೆ, ಆ ಮರಿ. ತಾನು ಇಷ್ಟು ದಿನ, ಪಾಪ, ಆ ಮಗುವಿನ ಪಕ್ಕ ಅವಳಪ್ಪನನ್ನೇ ಕರೆತಂದು ನಿಲ್ಲಿಸುತ್ತಿದ್ದ, ಅದೂ ತರಬೇತಿಯ ಸರ್ಟಿಫಿಕೇಟ್ ಸಮೇತ. ತನ್ನ ಅಪ್ಪ ಗೇಟಿನಲ್ಲಿ ನಿಂತು ಕೂಗಿದಾಗ ಕೂಗಿನ ಹಿಂದೆ ಏನಿರುತ್ತಿತ್ತು? ಕಾಗದದಲ್ಲಿ ಸುತ್ತಿದ ಬಿಸ್ಕತ್ತು ಇರುತ್ತಿತ್ತು, ಅಷ್ಟೇ. ಕ್ಷಮಿಸು ಅಪ್ಪಾ ಎಂದುಕೊಂಡ, ಅದನ್ನಾದರೂ ಕೂಗಿ ಹೇಳಬೇಕಿತ್ತು, ಇಲ್ಲದಿದ್ದರೆ ಅವನಿಗೆ ಕೇಳಿಸುವುದಿಲ್ಲ. ಹಾಗೆಂದು ಸಮಾಧಾನವೂ ಆಗಲಿಲ್ಲ. ಕಿವಿ ಮುಚ್ಚಿಕೊಂಡ ಆ ಸಣ್ಣ ಹುಡುಗನ ಮನೆಯಲ್ಲಿ ಕೂಗಿನ ಹಿಂದೆ ಏನಿರುತ್ತದೋ. ಒಂದೇ ಕ್ಲಾಸು, ಇವಳಿಗೆ ಮದ್ದಾದದ್ದು ಅವನಿಗೆ ವಿಷ, ನಾಳೆ ಬೋರ್ಡಿನ ಮುಂದೆ ನಿಂತು ಬಾಯಿ ತೆರೆಯುವುದಾದರೂ ಹೇಗೆ?

ನಾಳೆ ಹಾಳಾಗಲಿ, ಇವತ್ತು ಹೆಡ್ ಮೇಡಂ ಕೋಣೆಯ ಬಾಗಿಲು ತೆರೆದೇ ಇತ್ತು, ಬಾಗಿಲಿನ ನೇರಕ್ಕೆ ಗೇಟು, ಗೇಟಿನಾಚೆ ರಸ್ತೆ. ಮೇಡಂ ಕುರ್ಚಿಯಿಂದ ಎದ್ದು ಬಂದು ಹುಡುಗಿಯ ಎತ್ತರಕ್ಕೆ ಬಗ್ಗಿದರು. ಇವನು ತಂದುಕೊಟ್ಟ ತರಬೇತಿಯ ಪುಸ್ತಕವನ್ನು ಅವರೊಬ್ಬರೇ ಪೂರ್ತಿ ಓದಿದ್ದರು. "ಬಾ ಮರಿ. ಇಲ್ಲಿ ಕೂತ್ಕೋ. ನಿನ್ನ ಒಳ್ಳೇದಕ್ಕೇ ಮಾತಾಡೋಣ ಅಂತ." ಹುಡುಗಿ ಕುರ್ಚಿಯ ಹತ್ತಿರ ಹೋಗಲಿಲ್ಲ. ಮೇಡಂ ಬಾಗಿಲನ್ನು ಮುಚ್ಚಲು ಕೈ ಚಾಚಿದರು. ಹುಡುಗಿಯ ಉಸಿರು ಮೇಲಕ್ಕೇ ಹೋಗುತ್ತಿದ್ದುದು, ಕೆಳಗೆ ಬಾರದೆ ಇದ್ದುದು ಅವನಿಗೆ ಕಾಣಿಸಿತು. "ಮೇಡಂ, ಬಾಗಿಲು ಬೇಡ" ಎಂದ. "ಜೋರಾಗಿ ಮಾತಾಡಿ ಮೇಡಂ. ನನ್ನ ಬೈಯ್ರಿ. ನಿಮ್ಮನ್ನ ಕತ್ತೆ ಅಂದೆನಲ್ಲ, ಬೈಯ್ರಿ." ಮೇಡಂ ಬೆನ್ನು ನೆಟ್ಟಗೆ ಮಾಡಿಕೊಂಡರು. "ಸರ್, ನಾನು ಯಾರ ಮೇಲೂ ದನಿ ಎತ್ತಿದವಳಲ್ಲ. ನಿಮಗೂ ಗೊತ್ತು." "ದಯವಿಟ್ಟು ಮೇಡಂ." "ಆ ವಿಷಯ ನಾನು ಆಗಲೇ ಮರ್ತಿದೀನಿ" ಎಂದರು ಅವರು, ಇನ್ನೂ ಮೆತ್ತಗೆ, ನಗುತ್ತ. ಹುಡುಗಿ ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಕಾರಣ ಬಿಡಿಸಿ ಹೇಳಲು ಸಮಯವಿರಲಿಲ್ಲ, ಹೇಳುವಂತೆಯೂ ಇರಲಿಲ್ಲ, ಅದು ಅವಳ ಗುಟ್ಟು. ಪ್ರತಿ ಬೆಳಿಗ್ಗೆ ಪ್ರಾರ್ಥನೆಯನ್ನು ಮೇಡಂ ತಾವೇ ಮೈಕಿನಲ್ಲಿ ಹಾಡುತ್ತಿದ್ದರು. ಅವರ ಬದುಕಿನಲ್ಲಿದ್ದ ಒಂದೇ ಐಷಾರಾಮ ಅದು. "ನಿಮ್ಮ ಪ್ರಾರ್ಥನೆ ಇದೆಯಲ್ಲ ಮೇಡಂ" ಎಂದ ಅವನು, ಕಣ್ಣು ಮುಚ್ಚಿಕೊಂಡು. "ಅದು ಶುರುವಾದ ಕೂಡ್ಲೇ ಸ್ಟಾಫ್ ರೂಮಲ್ಲಿ ನಾವು ಕಿವಿಗೆ ಹತ್ತಿ ಇಟ್ಕೋತೀವಿ. ಡ್ರಾಯಿಂಗ್ ಸರ್ ನಿಮ್ಮ ಹಾಗೇ ಹಾಡಿ ತೋರಿಸ್ತಾರೆ, ನಾವೆಲ್ಲ ಬಿದ್ದೂ ಬಿದ್ದೂ ನಗ್ತೀವಿ. ಶ್ರುತಿ ಒಂದು ಕಡೆ, ನೀವು ಒಂದು ಕಡೆ."

ಮೇಡಂ ಮುಖದ ನಗು ಇಳಿಯಿತು. ಆಮೇಲೆ "ಬಾಯಿ ಮುಚ್ರೀ!" ಎಂಬುದು ಎಲ್ಲಿಂದ ಬಂತೆಂದು ಅವನಿಗೇ ಒಂದು ಕ್ಷಣ ತಿಳಿಯಲಿಲ್ಲ. "ನಾಚಿಕೆ ಆಗಲ್ವೇನ್ರೀ ನಿಮಗೆ? ಮಕ್ಕಳ ಮುಂದೆ ನನ್ನನ್ನ ಕತ್ತೆ ಅಂತೀರಿ, ಈಗ ಹಾಡಿಗೆ ಬಂದ್ರಾ? ದಿನಾ ಲೇಟು! ಸೀಮೆಸುಣ್ಣ ಮನೆಗೆ ತಗೊಂಡು ಹೋಗ್ತೀರಿ! ನಿಮ್ಮ ಗಂಟಲು ಕೇಳಿ ಕೇಳಿ ನನಗೆ ತಲೆನೋವಿನ ಮಾತ್ರೆ ಅಭ್ಯಾಸ ಆಗಿದೆ, ಒಂದಿನ ಬಾಯಿ ಬಿಟ್ಟಿದೀನಾ?" ಜವಾನ ಬಾಗಿಲಿಗೆ ಬಂದು, ಬಂದದ್ದೇ ತಪ್ಪೆಂದು ಹೊರಟುಹೋದ. ಸೀಮೆಸುಣ್ಣದ ಮಾತು ನಿಜವಾಗಿತ್ತು. ಇಂಗು ತಿಂದ ಮಂಗನ ಹಾಗೆ ತಲೆ ತಗ್ಗಿಸಿ ನಿಂತ ಮೇಷ್ಟ್ರಿಗೆ ಅವಮಾನದಿಂದ ಕಿವಿ ಕಾದಿತ್ತು, ಆದರೂ ಇದು ಇನ್ನೂ ಸ್ವಲ್ಪ ಹೊತ್ತು ನಡೆಯಲಿ ಎಂದು ಮನಸಾರೆ ಬಯಸಿದ, ಏಕೆಂದರೆ ಓರೆಗಣ್ಣಿನಲ್ಲಿ ಕಂಡಿತು, ಹುಡುಗಿ ಬಂದು ಕುರ್ಚಿಯಲ್ಲಿ ಕೂತಿದ್ದಳು. ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು, ಯಾರದೋ ಮನೆಯ ಜಗಳ ನೋಡುವವಳ ಆಸಕ್ತಿಯಿಂದ ಮೇಡಂ ಮುಖವನ್ನೇ ನೋಡುತ್ತಿದ್ದಳು.

ಮೇಡಂ ಅದೇ ಏರುದನಿಯಲ್ಲಿ, ಇಳಿಸಲು ಪುರಸೊತ್ತಿಲ್ಲದೆ, ಅವಳತ್ತ ತಿರುಗಿದರು. "ಏನೇ, ನೀನೇನು ಬಾಯಿ ಬಿಟ್ಕೊಂಡು ನೋಡ್ತೀಯಾ? ಆ ಹಾಸ್ಟೆಲ್‌ಗೆ ಹೋಗ್ತೀಯೋ, ಓಡದೆ ಇಲ್ಲೇ ಓದ್ತೀಯೋ? ಹೇಳು!"

"ಇಲ್ಲೇ!" ಎಂದು ಹುಡುಗಿ ಕೂಗಿದಳು. ಆ ಶಾಲೆಯಲ್ಲಿ ಅವಳ ದನಿ ಅಷ್ಟೆತ್ತರಕ್ಕೆ ಹೋದದ್ದನ್ನು ಯಾರೂ ಕೇಳಿರಲಿಲ್ಲ. ಮೇಡಂ ಬೆಚ್ಚಿ ಕುರ್ಚಿಯಲ್ಲಿ ಕುಸಿದರು. ಹುಡುಗಿ ಉಸಿರು ತೆಗೆದುಕೊಂಡು, ಇನ್ನೂ ಜೋರಾಗಿ, "ಅಜ್ಜೀಗೆ ಹೇಳಿ ಬರ್ಲಾ?" ಎಂದು ಕೇಳಿದಳು.

ಮೇಡಂ ಮೇಜಿನ ಡ್ರಾಯರಿನಲ್ಲಿ ತಲೆನೋವಿನ ಮಾತ್ರೆ ತಡಕಿದರು. "ಹೇಳೋದೇನು ಬೇಡ" ಎಂದರು. "ಕೇಳಿಸಿರುತ್ತೆ."